ಕಂಬಳಿಯೊಳಗಿನ ಕೈ

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿವಮೊಗ್ಗದ ಮೊದಲ ಬಸ್ಸು ಗುರುಗುಟ್ಟುತ್ತಾ ನಿಂತಿದೆ. ವಿರೂಪಾಕ್ಷಪ್ಪನವರ ಅಚ್ಚುಕೂಟದ ಜಗುಲಿಯಲ್ಲಿ ದುರುಗಪ್ಪ ಕಾಲು ಮಡಚಿ ಕೂತು, ಅಂಗೈಯಗಲದ ಮರದ ತುಂಡನ್ನು ಮೊಣಕಾಲಿಗೆ ಆನಿಸಿಕೊಂಡು ಸಣ್ಣ ಉಳಿಯಿಂದ ಕೆತ್ತುತ್ತಿದ್ದಾರೆ. ಐದು ಬೆರಳು ಮೂಡಿವೆ. ಅವು ಬೆರಳೋ ಬದನೆಕಾಯಿಯೋ ಎಂದು ಅವರಿಗೇ ಅನುಮಾನ. ಒಮ್ಮೆ ದೂರ ಹಿಡಿದು ನೋಡುತ್ತಾರೆ, ಒಮ್ಮೆ ಹತ್ತಿರ. ಆಮೇಲೆ "ಹೋಗತ್ಲಾಗೆ!" ಎಂದು ಅಂಗಳಕ್ಕೆ ಎಸೆಯುತ್ತಾರೆ.

ಟೀ ತಂದ ಹೆಂಡತಿ ಶಂಕರಮ್ಮ ಅದನ್ನು ಎತ್ತಿಕೊಂಡು ನಗುತ್ತಾರೆ. "ಎದ್ದ ಕೂಡ್ಲೆ ಯಾರ ಕೈ ಮುರೀತಿದೀರಿ?"

"ಮೇಷ್ಟ್ರುದು ಮುರಿಯಾಕೆ ಆಗಲ್ವಲ್ಲ, ಅದಕ್ಕೇ ಇದನ್ನ."

ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಬೇಕಾದರೂ ಶಾಲೆಯ ಮಕ್ಕಳನ್ನು ನಿಲ್ಲಿಸಿ ಕೇಳಿ, 'ಕರಿಕಂಬಳಿ' ಯಾರೆಂದು ಗೊತ್ತು. ಈ ಅಚ್ಚುಕೂಟದಿಂದ ಮರದ ಅಚ್ಚಿನ ಚಿತ್ರಗಳೊಂದಿಗೆ ತಿಂಗಳಿಗೊಂದರಂತೆ ಹೊರಬೀಳುವ ಚಿತ್ರಕಥೆ ಪುಸ್ತಕದ ಕೇಡಿಗ ಅವನು. ತಲೆಯಿಂದ ಕಾಲಿನವರೆಗೆ ಕಂಬಳಿ, ಕಪ್ಪು ಮುಖ, ಬಿಳಿ ಕಣ್ಣು. ನಾಯಕ ಸೋಮನನ್ನು ಕೆತ್ತುವವರು ಹೊನ್ನಾಳಿಯ ಡ್ರಾಯಿಂಗ್ ಮೇಷ್ಟ್ರು ಮುರುಗೇಶಪ್ಪ. ಅವರ ಹೆಸರು ರಟ್ಟಿನ ಮೇಲೆ ದಪ್ಪಕ್ಷರದಲ್ಲಿರುತ್ತದೆ. ಕರಿಕಂಬಳಿಯನ್ನು ಆರು ವರ್ಷದಿಂದ ಕೆತ್ತುತ್ತಿರುವ ದುರುಗಪ್ಪನ ಹೆಸರು ಎಲ್ಲೂ ಇಲ್ಲ.

ದುರುಗಪ್ಪ ಕತ್ತಲಗೆರೆಯವರು. ಓದು ನಾಲ್ಕನೆಯ ಇಯತ್ತೆಗೇ ನಿಂತಿತು. ಹೊಟ್ಟೆಪಾಡಿಗೆ ಹಿಡಿದದ್ದು ತಗಡು ಕತ್ತರಿಸುವ ಕೆಲಸ. ಅಡಿಕೆ ಮಂಡಿಗಳ ಚೀಲದ ಮೇಲೆ ಮಾರ್ಕಾ ಹಾಕುತ್ತಾರಲ್ಲ, ಆ ತಗಡಿನ ಅಚ್ಚು. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ತಗಡು. ಸುಗ್ಗಿ ಮುಗಿದರೆ ವಾರಕ್ಕೊಂದು ಸಿಕ್ಕರೆ ಪುಣ್ಯ. ಬೆರಳ ತುದಿಯೆಲ್ಲ ಹಳೆಯ ಗಾಯದ ಗೆರೆ. ಅಂಥದೊಂದು ಬಿಡುವಿನಲ್ಲಿ ವಿರೂಪಾಕ್ಷಪ್ಪನವರು ಒಂದು ಮರದ ತುಂಡು ಕೊಟ್ಟು, "ಮೇಷ್ಟ್ರಿಗೆ ಪುರುಸೊತ್ತಿಲ್ಲ, ಒಬ್ಬ ಕಳ್ಳನ್ನ ಕೆತ್ತಿಕೊಡು" ಎಂದರು.

ತಗಡಿನಲ್ಲಿ ಕತ್ತರಿಸಿದ ಕಡೆ ಮಸಿ ಇಳಿಯುತ್ತದೆ. ಮರದ ಅಚ್ಚಿನಲ್ಲಿ ಕೆತ್ತಿದ ಕಡೆ ಬಿಳಿ ಉಳಿಯುತ್ತದೆ. ತಗಡಿನ ರೂಢಿಯ ಮೇಲೆ ದುರುಗಪ್ಪ ಕಪ್ಪಾಗಬೇಕಿದ್ದ ಕಣ್ಣು, ಹುಬ್ಬು, ಮೀಸೆಗಳನ್ನೇ ಕೊರೆದುಬಿಟ್ಟರು. ಮಸಿ ಹಚ್ಚಿ ಒತ್ತಿದರೆ ಇಡೀ ಮುಖ ಕಾರ್ಗತ್ತಲು, ಅದರೊಳಗಿಂದ ಎರಡು ಬಿಳಿ ಕಣ್ಣು ದಿಟ್ಟಿಸುತ್ತಿವೆ! ಸಾಹುಕಾರರು ತಲೆ ಚಚ್ಚಿಕೊಂಡರು. ಹೊಸದು ಮಾಡಲು ವೇಳೆಯಿರಲಿಲ್ಲ. ಹಾಗೇ ಅಚ್ಚಾಯಿತು.

ನ್ಯಾಮತಿ ಬಸ್ ನಿಲ್ದಾಣದಲ್ಲಿ ಕಡ್ಲೆಕಾಯಿ ಜೊತೆ ಈ ಪುಸ್ತಕವನ್ನೂ ಮಾರುವ ಹೊನ್ನೂರಮ್ಮ ನೆನೆಯುತ್ತಾರೆ: "ಮಕ್ಕಳು ಆ ಹಾಳೆ ತೆಗೆಯಾಕೆ ಹೆದರ್ತಿದ್ವು ಕಣಪ್ಪ, ತೆಗೀದೆ ಇರಾಕೂ ಆಗ್ತಿರ್ಲಿಲ್ಲ. 'ಸೋಮ ಬಂದ್ನಾ' ಅಂತ ಒಂದೂ ಕೇಳಲ್ಲ. 'ಕಂಬಳಿ ಬಂದ್ನಾ ಅಜ್ಜೀ' ಅಂತಾವೆ. ಮುರುಗೇಶಪ್ಪ ಮೇಷ್ಟ್ರು ಎಂಥಾ ಕಳ್ಳನ್ನ ಬರೆದವ್ರೆ ಅಂತೀನಿ!"

ಆ ಕೊನೆಯ ಮಾತು ದುರುಗಪ್ಪನ ಕಿವಿಗೆ ಬಿದ್ದಾಗಲೆಲ್ಲ ಅವರಿಗೆ ಆ ಹೊತ್ತಿನ ಊಟ ಸೇರುವುದಿಲ್ಲ.

ಕೇಡಿಗ ಎಂದರೆ ಹೇಗಿರಬೇಕು ಎಂದು ಕೇಳಿದರೆ ಅವರು ಉಳಿ ಕೆಳಗಿಡುತ್ತಾರೆ. "ಕೋರೆಹಲ್ಲು, ಕೊಂಬು ಇಟ್ರೆ ಮಕ್ಕಳು ಒಂದ್ಸಲ ಹೆದರ್ತಾವೆ. ಎರಡನೇ ಸಲ ಆ ಕೊಂಬೇ ಹಿಡ್ಕಂಡು ಜೋತಾಡ್ತಾವೆ. ಅವ್ನಿಗೆ ಏನೋ ಒಂದು ಬೇಕಾಗಿರಬೇಕು ನೋಡ್ರಿ. ಅದು ಎದುರಿನವನ ಹತ್ರ ಇರಬೇಕು. ಇವ್ನು ಸುಮ್ನೆ ಅದನ್ನ ನೋಡ್ತಾ ನಿಂತಿರಬೇಕು. ನೋಡೋರಿಗೆ 'ಅಯ್ಯೋ, ಇವ್ನಿಗೂ ಸಿಗಬಹುದಿತ್ತಲ್ಲ' ಅನ್ನಿಸಬೇಕು. ಅಂಥೋನು ಏನು ಮಾಡಾಕೂ ಹೇಸಲ್ಲ."

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರೆ:

"ಕಲಿಯಾದೇನ್ರೀ? ನಾನೇ ನಿಂತು ನೋಡ್ತಿದ್ನಲ್ಲ."

ನೋಡುತ್ತಿದ್ದುದು ಮೇಷ್ಟ್ರ ಕೈಚಳಕವನ್ನು. ಒಂದು ಪುಸ್ತಕದಲ್ಲಿ ಮುರುಗೇಶಪ್ಪನವರು ಸೋಮನ ತಾಯಿ ರೊಟ್ಟಿ ಬಡಿಸುವ ಚಿತ್ರ ಕೆತ್ತಿದ್ದರು. ಆ ತಾಯಿಯ ಕೈ! ಗೆಣ್ಣು ಗೆಣ್ಣಿನಲ್ಲೂ ದಣಿವು, ಬೆರಳ ತುದಿಯಲ್ಲಿ ಅಕ್ಕರೆ. ದುರುಗಪ್ಪ ಅಚ್ಚನ್ನು ಸವರಿ ಸವರಿ ನೋಡಿದರು. ಹೊಟ್ಟೆಕಿಚ್ಚಿನ ಉರಿಯಲ್ಲೇ ಆ ಮನೆಯ ಕಿಟಕಿಯಾಚೆ ಕರಿಕಂಬಳಿಯನ್ನು ನಿಲ್ಲಿಸಿದರು, ಕಣ್ಣು ರೊಟ್ಟಿಯ ಮೇಲೆ. ಅಷ್ಟು ಒಳ್ಳೆಯ ಕರಿಕಂಬಳಿ ಅದಕ್ಕೂ ಮೊದಲು ಬಂದಿರಲಿಲ್ಲ.

ಒಂದು ಗುಟ್ಟೂ ಇದೆ. ದುರುಗಪ್ಪನಿಗೆ ಕೈ ಕೆತ್ತಲು ಬರುವುದಿಲ್ಲ. ಅದಕ್ಕೇ ಅವರ ಕೇಡಿಗನ ಎರಡೂ ಕೈ ಸದಾ ಕಂಬಳಿಯೊಳಗೆ. ಒಳಗೆ ಕತ್ತಿ ಇದೆ, ಹಾವಿದೆ, ಕದ್ದ ಮಗುವಿದೆ ಎಂದು ಮಕ್ಕಳು ಜಗಳವಾಡಿದ್ದೇ ಆಡಿದ್ದು.

ಈ ಸಲ ಅದಕ್ಕೇ ಕುತ್ತು ಬಂದಿದೆ. ಹೊಸ ಪುಸ್ತಕದಲ್ಲಿ ಕೈ ಹೊರಗೆ ಬರಲೇಬೇಕೆಂದು ವಿರೂಪಾಕ್ಷಪ್ಪನವರ ಹಟ.

"ಕೈ ತೋರಿಸಿದ್ರೆ ಭಯ ಹೋಗ್ತೈತೆ ಸಾವ್ಕಾರ್ರೆ."

"ನಿಜ ಹೇಳು. ಭಯ ಹೋಗ್ತೈತೋ, ನಿನ್ನಿಂದ ಆಗಲ್ವೋ?"

"ಎರಡೂ."

"ಹಂಗಾರೆ ಶನಿವಾರದ ತನಕ ನೋಡು. ಆಗದಿದ್ರೆ ಮೇಷ್ಟ್ರುದನ್ನ ಕೂರಿಸೋದು, ಅವ್ರಿಗೂ ಒಂದು ಮಾಡಿಟ್ಟಿರಾಕೆ ಹೇಳಿದೀನಿ."

ಮೇಷ್ಟ್ರ ಕೈ ಬಂದು ಕೂತರೆ ಕರಿಕಂಬಳಿ ಪೂರಾ ಮೇಷ್ಟ್ರವನೇ ಆಗಿಬಿಡುತ್ತಾನೆ. ಕಲಿಸಿಕೊಡಿ ಎಂದು ಕೇಳೋಣವೆಂದರೆ ನಾಲಗೆ ಏಳುವುದಿಲ್ಲ. ಇವತ್ತು ಶನಿವಾರ. ಬೆಳಿಗ್ಗೆ ಅಂಗಳಕ್ಕೆ ಎಸೆದದ್ದೇ ಅವರ ಕೊನೆಯ ತುಂಡು.

ಬಿಸಿಲೇರುವ ಹೊತ್ತಿಗೆ ಹೊನ್ನಾಳಿ ಬಸ್ಸಿಳಿದು ಮುರುಗೇಶಪ್ಪನವರು ಬರುತ್ತಾರೆ. ಕರವಸ್ತ್ರದಲ್ಲಿ ಸುತ್ತಿದ ಅಚ್ಚನ್ನು ದುರುಗಪ್ಪನ ಮುಂದೆ ಬಿಚ್ಚುತ್ತಾರೆ. ಬಲಗೈ. ಕತ್ತಿಯಿಲ್ಲ, ಉಗುರು ಚಾಚಿಲ್ಲ. ಅಂಗೈ ಮೇಲಾಗಿ ಬಿಚ್ಚಿದೆ, ಖಾಲಿ. ಬೆರಳು ಮಾತ್ರ ಸ್ವಲ್ಪ ಮಡಚಿಕೊಂಡಿವೆ. ಬೇಡುವ ಕೈಯೋ ಕಿತ್ತುಕೊಳ್ಳುವ ಕೈಯೋ ಹೇಳಲಾಗದು.

"ನಿನ್ನ ಕಂಬಳಿಯವನ ಕಣ್ಣು ಮುಂದಿಟ್ಕಂಡೇ ಮಾಡಿದ್ದು ಕಣಯ್ಯ. ಆ ಕಣ್ಣಿಗೆ ಬೇರೆ ಕೈ ಹೊಂದಲ್ಲ. ಹೆಂಗೈತೆ?"

ದುರುಗಪ್ಪ ಅಚ್ಚನ್ನು ಕೈಗೆತ್ತಿಕೊಳ್ಳುತ್ತಾರೆ. "ನಡೀತೈತ್ರೀ."

ಅದನ್ನು ಕೂರಿಸಲು ತಮ್ಮ ಕಂಬಳಿಯ ಅಚ್ಚನ್ನು ತಾವೇ ಕೊರೆದು ಸಂದು ಮಾಡಬೇಕು. ಮಾಡುತ್ತಾರೆ. ಮೇಷ್ಟ್ರ ಅಚ್ಚಿನ ಅಂಚನ್ನು ಒಂದಿಷ್ಟು ಸವರಿ ಹೊಂದಿಸುವಾಗ ಉಳಿ ಆ ಬೆರಳುಗಳ ಪಕ್ಕದಲ್ಲೇ ಒಂದು ಗಳಿಗೆ ನಿಲ್ಲುತ್ತದೆ. ಚೂರು ಜಾರಿದರೆ ಮುಗಿಯಿತು, ಮರದ ಹಣೆಬರಹ ಎನ್ನಬಹುದು. ಉಳಿ ಜಾರುವುದಿಲ್ಲ. ಮಸಿ ಹಚ್ಚಿ ಕಾಗದ ಒತ್ತಿ ಎತ್ತಿದರೆ, ನೋಡಲು ಬಂದ ಶಂಕರಮ್ಮ "ಅಯ್ಯಪ್ಪಾ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ನನ್ನ ಕಳ್ಳನ್ನ ನನಗಿಂತ ಚೆನ್ನಾಗಿ ತಿಳ್ಕಂಡವ್ರೆ" ಎನ್ನುತ್ತಾರೆ ದುರುಗಪ್ಪ, ಮೇಷ್ಟ್ರು ಟೀ ಕುಡಿಯಲು ಹೋದ ಮೇಲೆ. "ಅದೇ ಉರಿಯಾದು. ಕೆಟ್ಟದಾಗಿ ಮಾಡಿದ್ರೆ ಎಷ್ಟು ನೆಮ್ಮದಿ ಇತ್ತು!"

ವಿರೂಪಾಕ್ಷಪ್ಪನವರಿಗೆ ಏನನ್ನಿಸಿತೋ, ರಟ್ಟಿನ ಹೆಸರಿಗೆ ಅಕ್ಷರದ ಮೊಳೆ ಜೋಡಿಸುತ್ತಿದ್ದವರು ತಲೆಯೆತ್ತುತ್ತಾರೆ. "ದುರುಗಪ್ಪ, ಈ ಸಲ ನಿನ್ನ ಹೆಸರೂ ಹಾಕಲೇನೋ?"

ಆರು ವರ್ಷ ಕಾದ ಮಾತು. ದುರುಗಪ್ಪ ಹಸಿ ಕಾಗದವನ್ನು ಬೆಳಕಿಗೆ ಹಿಡಿದು, ಬಿಚ್ಚಿದ ಬಲಗೈಯನ್ನು ಬಿಟ್ಟು, ಕಂಬಳಿಯ ಇನ್ನೊಂದು ಮಗ್ಗುಲನ್ನು ಬೆರಳಿನಿಂದ ತೋರಿಸುತ್ತಾರೆ.

"ಇದರ ಮೇಲೆ ಬ್ಯಾಡ್ರಿ. ಎಡಗೈ ಇನ್ನೂ ಒಳಗೇ ಐತೆ. ಅದನ್ನ ಯಾರೂ ಮುಟ್ಟಬ್ಯಾಡ್ರಿ, ಮೇಷ್ಟ್ರಿಗೂ ಹೇಳ್ರಿ. ಅದನ್ನ ನಾನೇ ಕೆತ್ತಿ ಹೊರಗೆ ತಂದ ದಿನ ಹೆಸರು ಹಾಕ್ರಿ."