ನಾಲ್ಕು ಶತಮಾನ, ಎರಡು ವಾದ್ಯ, ಒಬ್ಬ ಮಾವ

ನಾನು ಜೀವನದಲ್ಲಿ ಸಂಗೀತ ಕಚೇರಿ ಕೊಟ್ಟದ್ದು ಒಂದೇ ಸಲ. ಅದನ್ನು ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ನಾನು ಗಂಟಲು ಸರಿಪಡಿಸಿಕೊಂಡರೆ ಸಾಕು, ಹೆಂಡತಿ ಗಂಗಮ್ಮ ಅಡುಗೆಮನೆಗೆ ಎದ್ದು ಹೋಗುತ್ತಾಳೆ. ಆದ್ದರಿಂದ ಈಗ ನಿಮಗೆ ಹೇಳುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಮಾದಾಪುರದ ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ ಬರೆಯುವವನು. ಅಲ್ಲಿನ ಇಂಗ್ಲಿಷ್ ದೊರೆಸಾನಿ ಸೀಮೆಗೆ ಹಿಂತಿರುಗುವ ಮೊದಲು ನನಗೆ ರೆಕಾರ್ಡರ್ ಊದುವುದನ್ನು ಕಲಿಸಿ, ತಮ್ಮದನ್ನು ನನಗೇ ಕೊಟ್ಟು ಹೋದರು. ರೆಕಾರ್ಡರ್ ಎಂದರೆ ನೆಟ್ಟಗೆ ಹಿಡಿದು ತುದಿಯಿಂದ ಊದುವ ಮರದ ಕೊಳಲು. "ರೈಟರ್ ರೆಕಾರ್ಡರ್ ಆಗಿದ್ದಾನೆ" ಎಂದು ಕೇಳಿದ ಊರವರು ನನಗೆ ಬಡ್ತಿ ಸಿಕ್ಕಿತೆಂದು ಸಂತೋಷಪಟ್ಟರು.

ಪಾಪದ ವಾದ್ಯ ಅದು. ಒಂದು ಕಾಲದಲ್ಲಿ ಯುರೋಪಿನ ಅರಮನೆಗಳಲ್ಲಿ ಮೆರೆದಿತ್ತಂತೆ. ದೊಡ್ಡ ದನಿಯ ವಾದ್ಯಗಳು ಬಂದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಲೆ ಸೇರಿತು. ಜೋರಾಗಿ ಊದಿದರೆ ಕಿರುಚುತ್ತದೆ, ಮೆಲ್ಲಗೆ ಊದಿದರೆ ಶ್ರುತಿ ಇಳಿಯುತ್ತದೆ. ನಿವೃತ್ತ ಸುಬೇದಾರರಾದ ನನ್ನ ಮಾವ ಅದನ್ನು ಕೇಳಿ ನಮ್ಮ ಅರೆಭಾಷೆಯಲ್ಲಿ ಒಂದೇ ಮಾತು ಹೇಳಿದರು: "ಅಳಿಯಾ, ಗಂಡಸ್ ಊದುಕೆ ಬ್ಯೂಗಲ್ ಉಟ್ಟು. ಇದ್ ಎಂತಕ್ಕೆ?"

ಮಡಿಕೇರಿಯ ಚರ್ಚೊಂದರಲ್ಲಿ, ಕಾಲಿನಿಂದ ತುಳಿದು ಗಾಳಿ ಕೊಡುವ ಆರ್ಗನ್ ಇತ್ತು. ಅದನ್ನು ಮೂವತ್ತು ವರ್ಷ ನುಡಿಸಿದ ಮೇರಿ ಟೀಚರಿಗೆ ಮಂಡಿನೋವು ಬಂದು, ಇನ್ನು ತುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ನಿಲ್ಲಿಸುವ ಮೊದಲು ಒಂದು ಸಲ ನುಡಿಸಬೇಕೆಂದು ಟೀಚರು ನನ್ನನ್ನು ಕರೆಸಿದರು. ನಾನೂರು ವರ್ಷ ಹಿಂದಿನ ಕುಣಿತದ ಮಟ್ಟಿನಿಂದ ಹಿಡಿದು ನಮ್ಮ ಕಾಲದವರೆಗೆ, ಶತಮಾನಕ್ಕೊಂದರಂತೆ ನಾಲ್ಕು ಕೃತಿಗಳು. ನಾಲ್ಕನೆಯದನ್ನು ಅವರೇ ರಚಿಸಿದ್ದರು. ಅದು ಇಪ್ಪತ್ತು ವರ್ಷದಿಂದ ಟ್ರಂಕಿನಲ್ಲಿತ್ತು, ಯಾರೂ ಕೇಳಿರಲಿಲ್ಲ.

"ಇದಕ್ಕೆ ಇಬ್ಬರು ಬೇಕು ಕುಶಾಲಪ್ಪ," ಎಂದರು. "ನನಗೆ ಇನ್ನೊಬ್ಬರು ಸಿಕ್ಕಿರಲೇ ಇಲ್ಲ."

ಒಂದು ಭಾನುವಾರ ಮಧ್ಯಾಹ್ನ ಚರ್ಚು ತುಂಬಿತು. ಮೈಸೂರಿನಿಂದ ವರ್ಗವಾಗಿ ಬಂದ ಆಫೀಸರುಗಳು, ಪ್ಲಾಂಟರುಗಳು, ಟೀಚರ ಹಳೆಯ ಶಿಷ್ಯರು. ಗಂಗಮ್ಮನ ಒತ್ತಾಯಕ್ಕೆ ಬಂದ ಮಾವ, ಮುಂದಿನ ಸಾಲಿನಲ್ಲಿ ಕವಾಯತಿಗೆ ನಿಂತವರಂತೆ ಕೂತಿದ್ದರು. ಚಳಿಗೆ ರೆಕಾರ್ಡರಿನ ಶ್ರುತಿ ಇಳಿಯದಿರಲೆಂದು ನಾನು ಅದನ್ನು ಕೋಟಿನೊಳಗೆ ಎದೆಗೆ ಅವಚಿಕೊಂಡಿದ್ದೆ. ಎದೆ ಮಾತ್ರ ತಣ್ಣಗಾಗಿತ್ತು.

ಮೊದಲನೆಯದು ಸುಸೂತ್ರವಾಗಿ ಮುಗಿಯಿತು. ಎರಡನೆಯದು, ಅರಮನೆಯ ಕಾಲದ್ದು, ಭಯಕ್ಕೆ ಸ್ವಲ್ಪ ಓಡಿತು. ಮೂರನೆಯದರ ಸರದಿಯ ಶತಮಾನದಲ್ಲಿ, ಎಂದರೆ ರೆಕಾರ್ಡರ್ ಮೂಲೆ ಸೇರಿದ್ದ ಕಾಲದಲ್ಲಿ, ನನ್ನ ವಾದ್ಯಕ್ಕೆ ಯಾರೂ ಏನೂ ಬರೆದಿರಲಿಲ್ಲವಾದ್ದರಿಂದ ಒಂದು ಜೋಗುಳವನ್ನು ಎರವಲು ತಂದಿದ್ದೆವು. ಆಮೇಲೆ ಟೀಚರದ್ದು. ಅದರ ನಡುವೆ ಆರ್ಗನ್ನಿನ ಒಳಗೆ ಪಟ್ಟೆಂದು ಸದ್ದಾಯಿತು. ಎಡಗಾಲಿನ ತುಳಿಗೆಯನ್ನು ಗಾಳಿಯ ತಿದಿಗೆ ಕಟ್ಟಿದ್ದ ಪಟ್ಟಿ ಹರಿದಿತ್ತು. ಉಳಿದದ್ದು ಬಲಗಾಲು, ನೋವಿನ ಕಾಲು. ಟೀಚರು ಹಲ್ಲು ಕಚ್ಚಿ ತುಳಿದರೂ ಆರ್ಗನ್ನಿನ ದನಿ ಕುಸಿಯತೊಡಗಿತು. ಇಪ್ಪತ್ತು ವರ್ಷ ಕಾದ ಹಾಡು ಇಲ್ಲಿಗೆ ಮುಗಿಯಿತೆಂದುಕೊಂಡು ನಾನು ತುಟಿಯಿಂದ ರೆಕಾರ್ಡರ್ ತೆಗೆಯುವುದರಲ್ಲಿದ್ದೆ.

ಅಷ್ಟರಲ್ಲಿ ಮಾವ ಎದ್ದು ಬಂದರು. ಕೋಟು ಕಳಚಿ ನೆಲಕ್ಕೆ ಮಂಡಿಯೂರಿ, ಆರ್ಗನ್ನಿನ ಅಡಿಗೆ ಕೈ ಹಾಕಿ ಹರಿದ ಪಟ್ಟಿಯ ತುದಿ ಹುಡುಕಿದರು.

"ನೀ ಊದ್ ಮಾರಾಯ," ಎಂದರು ನನ್ನತ್ತ ನೋಡದೆ. "ಗಾಳಿ ನಂಗೆ ಬುಡ್."

ಅವರು ಎಳೆದರು. ತಾಳ ತಪ್ಪದೆ, ಎಡ ಬಲ ಎಂದು ಎಣಿಸಿದ ಹಾಗೆ ಎಳೆದರು. ಆರ್ಗನ್ ಒಮ್ಮೆ ಉಸಿರೆಳೆದುಕೊಂಡು, ಮೂವತ್ತು ವರ್ಷದಲ್ಲಿ ಯಾರೂ ಕೇಳದಷ್ಟು ತುಂಬಿ ಹಾಡಿತು. ಟೀಚರ ಕಣ್ಣಲ್ಲಿ ನೀರು, ಬೆರಳಲ್ಲಿ ಯೌವನ. ನಾನು ಊದಿದೆನೋ ಹಾರಿದೆನೋ ಹೇಳಲಾರೆ. ಕೊನೆಯ ಸ್ವರ ನಿಂತಿತು. ಆಮೇಲೆ ಎಲ್ಲರೂ ಎದ್ದು ನಿಂತರು. ಚಪ್ಪಾಳೆ ನಿಲ್ಲಲೇ ಇಲ್ಲ. ಟೀಚರು ಮಾವನ ಧೂಳು ಮೆತ್ತಿದ ಕೈ ಹಿಡಿದು ಎಬ್ಬಿಸಿ, ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡರು. ಇಡೀ ಹಾಡನ್ನು ಇನ್ನೊಮ್ಮೆ ನುಡಿಸಬೇಕಾಯಿತು. ಮಾವ ಇನ್ನೊಮ್ಮೆ ಮಂಡಿಯೂರಿದರು.

ಮಾದಾಪುರದ ಬಸ್ಸಿನಲ್ಲಿ ಮಾವ ಅಂಗೈಯ ಧೂಳು ಒರೆಸಿಕೊಂಡರು. ಆಮೇಲೆ, "ಎರಡನೇದ್ ಸ್ವಲ್ಪ ಓಡಿತ್," ಎಂದರು. ಗಂಗಮ್ಮ ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಮಾತು ನಿಜವಾಗಿತ್ತು. ಬೆಳಿಗ್ಗೆಯವರೆಗೆ ಕೊಳಲನ್ನು ಗಂಡಸಿನ ವಾದ್ಯವಲ್ಲವೆಂದಿದ್ದ ಮನುಷ್ಯ ಸಂಜೆಗೆ ವಿಮರ್ಶಕರಾಗಿದ್ದರು. ಕಲೆಗೆ ಒಬ್ಬ ವೈರಿಯನ್ನು ಗೆದ್ದುಕೊಡುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ವಾದ ಮಾಡಬೇಡಿ, ಅವರ ಕೈಗೆ ಒಂದು ಕೆಲಸ ಕೊಡಿ.