ಕಂಪ್ಯೂಟರಿನಲ್ಲಿ ಕಂಡ ಹೊರೆಗಲ್ಲು

ಅವತ್ತು ಹೈಸ್ಕೂಲಿನ ಕಂಪ್ಯೂಟರಿನಲ್ಲಿ ನಾವು ಕಂಡದ್ದು ಒಂದು ದಾರಿ, ಆ ದಾರಿಯ ಮೇಲೆ ಒಂದು ಕಲ್ಲು. ದೆವ್ವ ಅಲ್ಲ, ದೇವರಲ್ಲ, ನನ್ನ ಕಣ್ಣಿನ ಪೊರೆಯೂ ಅಲ್ಲ. ಪೊರೆ ತೆಗೆಸಿ ಆಗಲೇ ಎರಡು ವರ್ಷವಾಗಿತ್ತು. ದಾರಿ ಇತ್ತು, ಕಲ್ಲು ಇತ್ತು, ಏಳು ಜನ ನೋಡಿದೆವು. ನನ್ನ ತೀರ್ಮಾನ ಇಷ್ಟೆ. ಇಪ್ಪತ್ತು ವರ್ಷದ ಹಿಂದೆ ಕಿತ್ತುಹಾಕಿದ ಕಲ್ಲು ಅಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆಯೂ ಇಲ್ಲ.

ಇದನ್ನೇ ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಮ್ಮ ನಾದಿನಿಯ ಮೈಮೇಲೆ ಅಮ್ಮ ಬಂದಾಗ, "ಮೊದ್ಲು ಆ ಪಾತ್ರೆ ತೊಳ್ದು ಆಮ್ಯಾಲೆ ಕುಣಿ" ಅಂದವಳು ನಾನು. ಪಕ್ಕದ ಮನೆಯವಳು ಸತ್ತ ಗಂಡನನ್ನು ನಲ್ಲಿಯ ಹತ್ತಿರ ಕಂಡೆ ಅಂದಾಗ, "ಬದುಕಿದ್ದಾಗ ಒಂದ್ ಬಿಂದಿಗೆ ನೀರು ತಂದುಕೊಡ್ದೋನು ಈಗ ನಲ್ಲಿ ತಾವ ಯಾಕ್ ಬಂದಾನು" ಅಂದು ಅವಳು ಒಂದು ತಿಂಗಳು ನನ್ನ ಹತ್ತಿರ ಮಾತು ಬಿಡುವ ಹಾಗೆ ಮಾಡಿಕೊಂಡಿದ್ದೆ. ಇಂಥದ್ದೆಲ್ಲ ಕೆಲಸವಿಲ್ಲದವರಿಗೆ ಕಾಣುತ್ತೆ ಅಂತ ನಂಬಿದ್ದೆ. ನನಗೆ ಕಂಡಾಗ ಕೈತುಂಬ ಕೆಲಸವಿತ್ತು.

ನಮ್ಮದು ಹಿರೀಸಾವೆಗೂ ಚನ್ನರಾಯಪಟ್ಟಣಕ್ಕೂ ನಡುವೆ, ಹೈವೇಯಿಂದ ಸ್ವಲ್ಪ ಒಳಗಿರುವ ಒಂದು ಕೊಪ್ಪಲು. ನಾನು ಹುಟ್ಟಿದ್ದು ದಂಡಿಗನಹಳ್ಳಿ ಕಡೆ, ಓದಿದ್ದು ನಾಲ್ಕನೇ ಕ್ಲಾಸು. ಈ ಮಾತು ನಡೆದದ್ದು ಎರಡು ಸಾವಿರದ ಎಂಟನೇ ಇಸವಿಯಲ್ಲಿ. ಆಗ ನಾನು ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ನನ್ನ ಮೊಮ್ಮಗಳು ಶೋಭ ಅಲ್ಲೇ ಒಂಬತ್ತನೇ ಕ್ಲಾಸು.

ಹೈಸ್ಕೂಲು ನಮ್ಮ ಕೊಪ್ಪಲಿನ ತೆಂಕಲಿಗೆ ಇದೆ. ನೆಟ್ಟಗೆ ಹೋದರೆ ಕಾಲು ಗಂಟೆಯೂ ಬೇಡ. ಆದರೆ ನೆಟ್ಟಗೆ ಹೋಗುವಂತಿರಲಿಲ್ಲ, ಮಧ್ಯೆ ಒಂದು ತೆಂಗಿನ ತೋಟ. ನಾನು ಮದುವೆಯಾಗಿ ಬಂದಾಗ ಅದು ರಾಗಿ ಹೊಲ, ಅದರ ನಡುವೆ ಕಾಲುದಾರಿ. ಹೊಲದ ಯಜಮಾನ ತೆಂಗು ಇಟ್ಟ, ಸುತ್ತ ಬೇಲಿ ಹಾಕಿದ, ದಾರಿ ನಿಂತಿತು. ಅದು ರೂಢಿಯ ದಾರಿ. ಯಾವ ನಕ್ಷೆಯಲ್ಲೂ ಗೆರೆ ಇಲ್ಲ, ಯಾವ ಕಾಗದದಲ್ಲೂ ಬರೆದಿಲ್ಲ. ಜನ ತುಳಿದಷ್ಟು ದಿನ ದಾರಿ, ತುಳಿಯೋದು ಬಿಟ್ಟರೆ ಹೊಲ. ನಾವು ಬಿಟ್ಟೆವು. ನನ್ನ ಗಂಡ ಅದೇ ತೋಟದಲ್ಲಿ ಕಾಯಿ ಕೀಳುವ ಕೆಲಸಕ್ಕೆ ಹೋಗುತ್ತಿದ್ದರು, ಅದಕ್ಕೆ ಬಾಯಿ ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಇದನ್ನು ಬರೆಯದೆ ಬಿಟ್ಟರೆ ಮಿಕ್ಕದ್ದೆಲ್ಲ ಸುಳ್ಳಾಗುತ್ತೆ.

ಆ ದಾರಿ ತಿರುಗುವ ಕಡೆ ಒಂದು ಹೊರೆಗಲ್ಲು ಇತ್ತು. ಈಗಿನವರು ನೋಡಿರಲ್ಲ. ಎರಡು ಕಲ್ಲುಕಂಬ ನೆಟ್ಟು ಅವುಗಳ ಮೇಲೆ ಒಂದು ಅಡ್ಡಗಲ್ಲು. ಆಳೆತ್ತರಕ್ಕೆ ಸ್ವಲ್ಪ ಕಮ್ಮಿ. ಒಬ್ಬಳೇ ಹೊರೆ ಹೊತ್ತು ಬರುವವಳು ತಲೆಯಿಂದ ಅದರ ಮೇಲೆ ಜಾರಿಸಿ ಸುಧಾರಿಸಿಕೊಳ್ಳಬಹುದು, ಮತ್ತೆ ತಾನೇ ತಲೆ ಕೊಟ್ಟು ಎತ್ತಿಕೊಳ್ಳಬಹುದು. ಇಳಿಸು, ಎತ್ತು ಅಂತ ಇನ್ನೊಬ್ಬರನ್ನು ಕರೆಯಬೇಕಾಗಿಲ್ಲ. ನಮ್ಮ ಅತ್ತೆಯ ಅಕ್ಕ ಬಸುರಿಯಾಗಿದ್ದಾಗಲೇ ತೀರಿಕೊಂಡಳಂತೆ. ಹಾಗೆ ಹೋದವಳ ಹೆಸರಿನಲ್ಲಿ ಹೊರೆಗಲ್ಲು ನಿಲ್ಲಿಸುವುದು ಹಿಂದಿನವರ ಪದ್ಧತಿ. ಅವಳು ಇಳಿಸಲಾಗದೆ ಹೋದ ಹೊರೆ ಅಲ್ಲಿ ಇಳಿಯಲಿ ಅಂತ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಕಲ್ಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಬೇಲಿ ಬಿದ್ದ ಮೇಲೆ ಒಂದು ದಿನ ಕಲ್ಲೂ ಕಾಣೆ. ಅಡ್ಡಗಲ್ಲು ಯಜಮಾನನ ಪಂಪ್‌ಹೌಸಿನ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿ ಕೂತಿತ್ತು. ನಾನು ನೋಡಿದೆ, ಮಾತಾಡಲಿಲ್ಲ.

ಹೀಗಾಗಿ ನಮ್ಮ ಮಕ್ಕಳೆಲ್ಲ ಹೈವೇ ಸುತ್ತಿ ಹೋಗುತ್ತಿದ್ದವು. ಆ ವರ್ಷ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಎಲ್ಲಿ ನೋಡಿದರೂ ಗುಂಡಿ, ಲಾರಿಗಳು ಮೈಮೇಲೇ ಬರುತ್ತಿದ್ದವು. ಒಂದು ಬುಧವಾರ ಲಾರಿಗೆ ಹೆದರಿ ಪಕ್ಕಕ್ಕೆ ಹಾರಿದ ನಮ್ಮ ಕೊಪ್ಪಲಿನ ಹುಡುಗಿಯೊಬ್ಬಳು ಗುಂಡಿಗೆ ಬಿದ್ದು ಕೈ ಮುರಿದುಕೊಂಡಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ ಹೇಳಿದ.

"ಸಾಕು ಕಣವ್ವ. ಸೋಮವಾರದಿಂದ ಶೋಭ ಇಸ್ಕೂಲ್ಗೆ ಓಗೋದು ಬ್ಯಾಡ. ಕೈಕಾಲು ನೆಟ್ಗಿರ್ಲಿ, ಅಷ್ಟೇ ಸಾಕು."

ಮಗ ಕೆಟ್ಟವನಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆಡಿದ್ದನ್ನು ಬದಲಿಸೋನೂ ಅಲ್ಲ. ಶೋಭ ಅಳಲಿಲ್ಲ. ಪುಸ್ತಕಗಳನ್ನೆಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದಳು. ಶನಿವಾರದವರೆಗಿನ ಮೂರು ದಿನಕ್ಕೆ ಬೇಕಾದ್ದು ಮಾತ್ರ ಬ್ಯಾಗಿನಲ್ಲಿ ಉಳಿಸಿಕೊಂಡಳು. ಅವಳು ಅಳದೇ ಇದ್ದದ್ದೇ ನನಗೆ ಸಿಟ್ಟು ತರಿಸಿತು. ನಾಲ್ಕನೇ ಕ್ಲಾಸಿಗೆ ಬಿಡಿಸಿದಾಗ ನಾನೂ ಅತ್ತಿರಲಿಲ್ಲ. ಅತ್ತು ರಂಪ ಮಾಡಿದ್ದರೆ ಐದನೆಯದನ್ನಾದರೂ ಓದುತ್ತಿದ್ದೆನೇನೋ.

ಸಮಾಜ ಪಾಠದ ಮೇಡಂ ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ಚಿಕ್ಕದು, ಹಟ ದೊಡ್ಡದು. ಗೋಡೆಗೆ ನೇತುಹಾಕಿದ ಮ್ಯಾಪು ತೋರಿಸಿದರೆ ಮಕ್ಕಳು ಆಕಳಿಸುತ್ತವೆ ಅಂತ, ಕಂಪ್ಯೂಟರಿಗೆ ಫೋನಿನ ವೈರು ಎಳೆಸಿ ಭೂಮಿಯನ್ನು ಮೇಲಿನಿಂದ ತೋರಿಸುವ ಪಾಠ ಶುರು ಮಾಡಿದ್ದರು. ಅರಕಲಗೂಡು ಇಲ್ಲಿದೆ, ಹೊಳೆನರಸೀಪುರದ ಹತ್ತಿರ ಹೊಳೆ ಹೀಗೆ ತಿರುಗುತ್ತೆ ಅಂತ ತೋರಿಸುತ್ತಾ ಕೊನೆಗೆ ಒಂದೊಂದೇ ಊರಿಗೆ ಇಳಿಯುತ್ತಿದ್ದರು. ಪ್ರತಿ ಊರಿನ ಮಕ್ಕಳೂ ಗಾಜಿನ ಮೇಲೆ ತೆಳು ಕಾಗದ ಇಟ್ಟು ತಮ್ಮ ಮನೆ, ಇಸ್ಕೂಲು, ನಡುವಿನ ದಾರಿ ಬರೆದುಕೊಳ್ಳಬೇಕು. ಆ ಶುಕ್ರವಾರ ಮಧ್ಯಾಹ್ನ ನಮ್ಮ ಕೊಪ್ಪಲಿನ ಐದು ಹುಡುಗಿಯರ ಸರದಿ.

"ಅಜ್ಜಿ, ಪಾತ್ರೆ ಆಮೇಲೆ ತೊಳೀರಿ. ಬನ್ನಿ, ನಿಮ್ಮನೆ ಸೂರು ನೋಡ್ಕೊಳ್ಳಿ" ಅಂತ ಮೇಡಂ ಕೂಗಿದರು. ಸೆರಗಿಗೆ ಕೈ ಒರೆಸಿಕೊಂಡು ಹೋದೆ.

ಡಬ್ಬದಂಥ ಕಂಪ್ಯೂಟರು. ಚಿತ್ರ ಒಂದೊಂದೇ ಚೌಕವಾಗಿ ಬರುತ್ತಿತ್ತು. ನನಗೆ ತಲೆಬುಡ ಗೊತ್ತಾಗಲಿಲ್ಲ. "ಇದು ತಲೆಕೆಳ್ಗಾಗೈತಲ್ಲ ಮೇಡಂ. ಇಸ್ಕೂಲು ಮುಂದ್ಗಡೆ ಇರ್ಬೇಕು" ಅಂದೆ. ಹುಡುಗಿಯರು ಕಿಸಕ್ಕಂದವು. ಮ್ಯಾಪಿನಲ್ಲಿ ಯಾವಾಗಲೂ ಬಡಗಲು ಮೇಲೆ ಅಂತ ಮೇಡಂ ಹೇಳಿದರು. ಆಗ ನಾನು ಕಣ್ಣುಮುಚ್ಚಿ, ಕೆಲಸ ಮುಗಿಸಿ ಇಸ್ಕೂಲಿನಿಂದ ಮನೆಗೆ ವಾಪಸ್ಸು ಹೋಗುತ್ತಿದ್ದೇನೆ ಅಂದುಕೊಂಡೆ. ಕಣ್ಣು ಬಿಟ್ಟರೆ ಎಲ್ಲ ಸರಿಯಾಗಿ ಕೂತಿತ್ತು. ನಮ್ಮ ಹೆಂಚು, ಪಕ್ಕದವಳ ತಗಡು, ನಡುವೆ ತೋಟ. ಮೇಲಿನಿಂದ ತೆಂಗಿನಮರ ನಕ್ಷತ್ರದ ಹಾಗೆ ಕಾಣುತ್ತೆ, ನೆರಳು ಪಕ್ಕದಲ್ಲಿ ಉದ್ದಕ್ಕೆ ಮಲಗಿರುತ್ತೆ.

ಮೊದಲು ನೋಡಿದ್ದು ನಾನಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಹುಡುಗಿ ಹೇಳಿದಳು: "ಮೇಡಂ, ತ್ವಾಟದ್ ನಡ್ವೆ ಯಾರೋ ಬಾಗ್ಲು ನಿಲ್ಸವ್ರೆ. ಬರೀ ಬಾಗ್ಲು, ಮನೆ ಇಲ್ಲ."

"ಬಾಗ್ಲಲ್ಲ ಕಣೇ, ಗೋಲ್ ಪೋಸ್ಟು" ಅಂದಳು ಇನ್ನೊಬ್ಬಳು.

"ಗೋಲ್ ಪೋಸ್ಟ್ ಮ್ಯಾಲೆ ಗಂಟು ಇಡ್ತಾರೇನೇ?" ಅಂದಳು ಶೋಭ.

ಬಗ್ಗಿ ನೋಡಿದೆ. ಗೋಡೆಯಿಂದ ಹಳೇ ಫೋಟೋ ಇಳಿಸಿದರೆ ಆ ಜಾಗ ಬೆಳ್ಳಗೆ ಉಳಿಯುತ್ತಲ್ಲ, ಹಾಗೆ ಒಂದು ಬಿಳಿಗೆರೆ ಕೊಪ್ಪಲಿನಿಂದ ಹೊರಟು ತೋಟದ ನಡುವೆ ಹಾದು ಇಸ್ಕೂಲಿಗೆ ಬಂದಿತ್ತು. ಅದು ತಿರುಗುವ ಕಡೆ, ಮರವಿಲ್ಲದ ಜಾಗದಲ್ಲಿ, ನೆಲದ ಮೇಲೆ ಒಂದು ನೆರಳು ಮಲಗಿತ್ತು. ಎರಡು ಕಾಲು, ಮೇಲೊಂದು ಅಡ್ಡ. ಅಡ್ಡದ ಮೇಲೆ ದುಂಡಗೆ ಏನೋ ಇಳಿಸಿಟ್ಟಿದ್ದರು.

ನಾನು ಬೆವರಲಿಲ್ಲ, ಕೂಗಲಿಲ್ಲ. ಕೈ ಮಾತ್ರ ತಣ್ಣಗಿತ್ತು; ಪಾತ್ರೆ ತೊಳೆದ ನೀರಿನಿಂದಲೂ ಇರಬಹುದು. "ಬರ್ಕೊ ಶೋಭಿ. ಬೇಗ ಬರ್ಕೊ" ಅಂದೆ. ಅವಳು ಕಾಗದ ಇಟ್ಟಳು. ಗಾಜು ಚಟಪಟ ಅಂತು, ಅವಳ ಮುಂಗೂದಲು ಎದ್ದು ಗಾಜಿನ ಕಡೆಗೆ ವಾಲಿತು. ಮನೆ ಬರೆದಳು, ಗೆರೆ ಎಳೆದಳು, ಎರಡು ಕಾಲು, ಅಡ್ಡ, ಮೇಲಿನ ಗಂಟು. ಪೆನ್ಸಿಲ್ ಎತ್ತಿದಳೋ ಇಲ್ಲವೋ, ಕರೆಂಟು ಹೋಯಿತು. ಬ್ಯಾಟರಿ ಡಬ್ಬ ಕುಂಯ್ ಅಂತ ಅದೂ ಸುಮ್ಮನಾಯಿತು.

ಆಮೇಲೆ ನಾನು ಕಲ್ಲಿನ ಕತೆ ಹೇಳಿದೆ. ಮೇಡಂ ಕನ್ನಡಕ ತೆಗೆದು ಒರೆಸಿದರು. ನೂರಾರು ವರ್ಷ ತುಳಿದ ಮಣ್ಣು ಗಟ್ಟಿಯಾಗಿರುತ್ತೆ, ಉತ್ತರೂ ಮೇಲಿನಿಂದ ಬೇರೆ ಬಣ್ಣ ಕಾಣಬಹುದು ಅಂದರು. ಒಪ್ಪಿದೆ. ಕಲ್ಲು? ಅಷ್ಟು ಎತ್ತರದಿಂದ ಎಮ್ಮೆಯೂ ಎಳ್ಳಿನಷ್ಟು ಕಾಣಲ್ಲ, ಕಲ್ಲು ಕಾಣಬಾರದು ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆದ್ರೆ ನಾನೂ ನೋಡ್ದೆ ಅಜ್ಜಿ" ಅಂದರು.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಮತ್ತೆ ತೆಗೆದು ನೋಡಿದರು. ಗೆರೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ತಿರುವಿನಲ್ಲಿ ಬರೀ ನೆಲ. ಆಮೇಲೆ ಎಷ್ಟು ಸಲ ತೆಗೆದರೂ ಕಲ್ಲು ಕಾಣಲಿಲ್ಲ. ಚಿತ್ರವನ್ನೇ ಬದಲಾಯಿಸಿರಬೇಕು ಅಂತ ಮೇಡಂ ಅಂದರು. ಮೊದಲಿನ ಚಿತ್ರವಾದರೂ ಎಷ್ಟು ಹಳೆಯದು ಅಂತ ಕೇಳಿದೆ. ಎರಡು ಮೂರು ವರ್ಷದ್ದು ಅಂದರು. ಕಲ್ಲು ಹೋಗಿ ಇಪ್ಪತ್ತು ವರ್ಷ. ಆ ಹುಡುಗಿಯರು ಹುಟ್ಟಿನಿಂದ ಒಂದು ಹೊರೆಗಲ್ಲನ್ನೂ ನೋಡಿದವರಲ್ಲ, ಹೆಸರೂ ಕೇಳಿದವರಲ್ಲ. ಆ ತಿರುವಿನಲ್ಲಿ ಯಜಮಾನ ಮೂರು ಸಲ ತೆಂಗಿನ ಸಸಿ ಇಟ್ಟು ಮೂರೂ ಒಣಗಿದವು. ಹುಳ ಅಂತ ಅವನು ಹೇಳುತ್ತಿದ್ದ. ಹುಳವೇ ಇರಬಹುದು. ನಾನು ಅದಕ್ಕೆಲ್ಲ ಅರ್ಥ ಕಟ್ಟಲ್ಲ. ಶೋಭ ಬರೆದ ಕಾಗದ ನನ್ನ ಟ್ರಂಕಿನಲ್ಲಿದೆ, ನಂಬದವರು ಬಂದು ನೋಡಬಹುದು. ಆ ಕಲ್ಲಿನ ಮೇಲೆ ಗಂಟು ಇಟ್ಟವರು ಯಾರು ಅನ್ನೋದು ಮಾತ್ರ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ.

ಶುಕ್ರವಾರ ಸಾಯಂಕಾಲ ಆ ಕಾಗದವನ್ನು ಮಗನ ಮುಂದೆ ಇಟ್ಟೆ. ಏನೂ ಹೇಳಲಿಲ್ಲ, ಸುಮ್ಮನೆ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದ.

"ಇದು ನಮ್ ಒರೆಗಲ್ಲಲ್ವೇನವ್ವಾ? ಇವ್ಳಿಗೆಂಗ್ ಗೊತ್ತು?"

ಚಿಕ್ಕವನಿದ್ದಾಗ ಅದರ ಅಡ್ಡಕ್ಕೆ ಜೋತುಬಿದ್ದು ಆಡುತ್ತಿದ್ದವನು ಅವನು. ನಡೆದದ್ದನ್ನು ಹೇಳಿದೆ. ಕಾಗದ ಕೆಳಗಿಟ್ಟ.

"ಕಂಪ್ಯೂಟ್ರಲ್ ಕಂಡ್ರೆ ದಾರಿ ಆಗ್ಬುಡ್ತದಾ? ಯಜಮಾನ್ರು ಬುಟ್ಟಾರಾ?"

"ಅವ್ನು ಬುಡೋದೇನ್ಲಾ? ತುಳುದ್ರೆ ದಾರಿ. ನಾವು ತುಳೀನಿಲ್ಲ, ಅದ್ಕೇ ಇಲ್ಲ. ತಪ್ಪು ಅವ್ನದ್ ಅರ್ಧ, ನಂದ್ ಅರ್ಧ. ನನ್ ಅರ್ಧನ ನಾನು ನಾಳೀಕೆ ಸರಿ ಮಾಡ್ತೀನಿ."

ಅವನು ಎದ್ದುಹೋದ.

ಮಾರನೇ ದಿನ ಶನಿವಾರ, ಬೆಳಗಿನ ಇಸ್ಕೂಲು. ನಾನು ಎದ್ದಾಗ ಬಾಗಿಲ ಪಕ್ಕ ಮಚ್ಚು ಒರಗಿಸಿಟ್ಟಿತ್ತು, ಹೊಸದಾಗಿ ಮಸೆದದ್ದು. ಮಗ ಮನೆಯಲ್ಲಿರಲಿಲ್ಲ. ಅಟ್ಟ ಹತ್ತಿ ಗೊಬ್ಬರದ ಚೀಲ ಇಳಿಸಿ ಪುಸ್ತಕವನ್ನೆಲ್ಲ ಶೋಭಳ ಮುಂದೆ ಸುರಿದು, "ಇವನ್ನ ಮತ್ತೆ ಗೂಡಿಗೆ ಜೋಡ್ಸು" ಅಂದೆ. ಬಿಸಿಯೂಟದ ಸಾರಿಗೆ ಅಂತ ಹಿತ್ತಲಿನ ಕುಂಬಳಕಾಯಿ, ಸೊಪ್ಪು ಎಲ್ಲ ಒಂದು ಪಂಚೆಯಲ್ಲಿ ಗಂಟು ಕಟ್ಟಿದೆ. ಸಿಂಬಿ ಸುತ್ತಿ ತಲೆ ಮೇಲೆ ಇಟ್ಟುಕೊಂಡೆ. ಐದು ಹುಡುಗಿಯರನ್ನೂ ಕರೆದುಕೊಂಡು ಬೇಲಿಯ ಹತ್ತಿರ ಹೋಗಿ, ಕಾಗದದಲ್ಲಿ ಗೆರೆ ಎಲ್ಲಿ ಶುರುವಾಗಿತ್ತೋ ಅಲ್ಲೇ ಗಂಟನ್ನು ಶೋಭಳ ಕೈಗೆ ಕೊಟ್ಟು, ಒಬ್ಬರು ನುಸುಳುವಷ್ಟಲ್ಲ, ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಬೇಲಿಯನ್ನು ಆ ಮಚ್ಚಿನಿಂದ ಕಡಿದೆ. ಮತ್ತೆ ಗಂಟು ಹೊತ್ತುಕೊಂಡೆ.

ಯಜಮಾನ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ಪಂಪ್‌ಹೌಸಿನಿಂದ ಬಂದ.

"ಯಾರಮ್ಮಿ ಅದು? ಬೇಲಿ ಕಡ್ದೋರ್ ಯಾರು?"

"ನಾನು ಕಣಪ್ಪ. ದಾರೀಲಿ ಓಯ್ತಾ ಇವ್ನಿ."

"ಯಾವ್ ದಾರಿ? ಎಲ್ಲೈತೆ ದಾರಿ?"

"ನೀನ್ ಬಟ್ಟೆ ಒಗ್ಯೋ ಕಲ್ನ ಕೇಳು, ಯೋಳ್ತದೆ."

ತಿರುಗಿ ಪಂಪ್‌ಹೌಸಿನ ಕಡೆ ನೋಡಿ ಬೇವಿನಕಡ್ಡಿ ಉಗಿದ. ಆಮೇಲೆ, ಜನ ಕರೆಸ್ತೀನಿ ಅಂದ. "ಕರ್ಸು. ಅವ್ರು ಬರೋಗಂಟ ನಾವು ಇಸ್ಕೂಲ್ಗೆ ಓಗಿ ಬತ್ತೀವಿ" ಅಂದೆ.

ಶೋಭ ಕಾಗದ ಹಿಡಿದು ಮುಂದೆ, ನಾನು ಅವಳ ಹಿಂದೆ, ಮಿಕ್ಕವರು ನನ್ನ ಹಿಂದೆ. "ಇಲ್ಲಿ ತಿರುವು ಅಜ್ಜಿ" ಅಂದಾಗ ನಿಂತೆ. ಮರವಿಲ್ಲದ ಆ ಜಾಗ. ಕಲ್ಲಿರಲಿಲ್ಲ, ಇರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ. ಯಾರ ಆಸರೆಯನ್ನೂ ಕೇಳದೆ, ಮಂಡಿ ನೋವನ್ನು ಬೈಯುತ್ತಾ ಮೆಲ್ಲಗೆ ಕುಕ್ಕರಿಸಿ, ತಲೆ ಮೇಲಿನ ಗಂಟನ್ನು ಅಲ್ಲಿ ಇಳಿಸಿದೆ. ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು ಕೂತೆ. ಯಜಮಾನ ದೂರದಿಂದ ನೋಡುತ್ತಲೇ ಇದ್ದ. ನೋಡಲಿ ಅಂತಲೇ ಕೂತದ್ದು.

ಆಮೇಲೆ ಗಂಟು ಎತ್ತಿ ತಲೆಗೆ ಇಟ್ಟುಕೊಂಡು ಎದ್ದೆ. ಹುಡುಗಿಯರು ಹೆದರಿ ಓಡೋದಕ್ಕೆ ಶುರು ಮಾಡಿದವು. ನಿಲ್ಲಿಸಿದೆ.

"ಓಡ್ಬ್ಯಾಡಿ ಕಣ್ರೇ. ಕಾಲು ಒತ್ತಿ ನಡೀರಿ."