ಕಂಡಕ್ಟರರ ಆರ್ಪಿಂಗ್ಟನ್ ಕೋಳಿಗಳು

ನಮ್ಮ ಪಕ್ಕದ ಮನೆಯವರು ಶಿರಸಿ–ಯಲ್ಲಾಪುರ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. "ಇಲ್ಲಿ ಸ್ಟಾಪ್ ಇಲ್ಲ" ಎನ್ನುವುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಒಮ್ಮೆ ಉರಿಬಿಸಿಲಲ್ಲಿ, ಸಂತೆಚೀಲ ಹಿಡಿದು ಬಸ್ಸಲ್ಲಿ ಕೂತಿದ್ದ ಸ್ವಂತ ಹೆಂಡತಿಗೂ ಅದನ್ನೇ ಹೇಳಿ, ಮನೆ ದಾಟಿಸಿ, ಮುಂದಿನ ಕ್ರಾಸಿನಲ್ಲಿ ಇಳಿಸಿದ್ದರಂತೆ.

ನಿವೃತ್ತರಾದ ಮೇಲೆ ಆರ್ಪಿಂಗ್ಟನ್ ಎಂಬ ವಿಲಾಯಿತಿ ತಳಿಯ ಕೋಳಿ ಸಾಕಿದರು. ದಿಂಬಿಗೆ ಕಾಲು ಬಂದಂತೆ ಓಡಾಡುವ ದಪ್ಪ ಹೇಂಟೆಗಳು. ಚಳಿಗಾಲದಲ್ಲಿ ಅವಕ್ಕೆಂದೇ ಹಿತ್ತಲಲ್ಲಿ ಪಾಲಕ್, ಮೂಲಂಗಿ ಸೊಪ್ಪು ಬೆಳೆಯುತ್ತಿದ್ದರು. ಸಂಜೆ ಗೂಡಿನ ಬಾಗಿಲಲ್ಲಿ ನಿಂತು, "ಒಳಗೆ ಹೋಗ್ರಿ, ಹಿಂದೆ ಜಾಗ ಉಂಟು" ಎನ್ನುತ್ತಿದ್ದರು.

ಒಂದು ಚಳಿಗಾಲ ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಕೊಬ್ಬು ಜಾಸ್ತಿಯಾಗಿದೆ, ಸೊಪ್ಪನ್ನು ಎತ್ತರಕ್ಕೆ ಕಟ್ಟಿ, ಹಾರಿ ತಿನ್ನಲಿ ಎಂದರು ಪಶುವೈದ್ಯರು. ಇವರು ಪೇರಲ ಮರಕ್ಕೆ ಹಗ್ಗ ಹಾಕಿ ಪಾಲಕ್ ಕಟ್ಟನ್ನು ತೂಗುಬಿಟ್ಟರು. ಕೋಳಿಗಳು ಹಾರಲಿಲ್ಲ. ಕೆಳಗೆ ಸಾಲಾಗಿ ಕೂತು ಅವರ ಮುಖ ನೋಡಿದವು.

"ನನ್ನ ಮುಖ ಎಂತಕ್ಕೆ ನೋಡ್ತೀರಿ? ಹಾರ್ರಿ" ಎಂದು ಗದರಿದರು. ಸ್ವಲ್ಪ ಹೊತ್ತಿಗೆ ಹಗ್ಗ ಒಂದು ಗೇಣು ಇಳಿಯಿತು. ಆಮೇಲೆ ಇನ್ನೊಂದು ಗೇಣು. ಕೊನೆಗೆ ಅವರೇ ಕುಕ್ಕರಗಾಲಲ್ಲಿ ಕೂತು, ಎಲೆ ಬಿಡಿಸಿ, ಒಂದೊಂದರ ಕೊಕ್ಕಿಗೂ ಹಿಡಿಯತೊಡಗಿದರು.

ಹೆಂಡತಿ ಅಡುಗೆಮನೆ ಬಾಗಿಲಿಂದ ಎಲ್ಲ ನೋಡುತ್ತಿದ್ದರು.

"ಅವತ್ತು ಬಸ್ಸಲ್ಲಿ ನನ್ನ ಬದ್ಲು ಈ ಕೋಳಿ ಕೂತಿದ್ರೆ, ಅಂಗಳಕ್ಕೇ ತಂದು ಇಳಿಸ್ತಿದ್ರಿ" ಎಂದರು.

ಕಂಡಕ್ಟರು ತಲೆ ಎತ್ತಲಿಲ್ಲ. ಇನ್ನೊಂದು ಎಲೆ ಬಿಡಿಸುತ್ತ ಹೇಳಿದರು:

"ಪಾಪ, ಇವಕ್ಕೆ ನಡೆದು ರೂಢಿ ಇಲ್ಲ ಮಾರಾಯ್ತಿ."